ಹೋಮ್‌ಸ್ಟೆಡ್ ಹೈಸ್ಕೂಲಿಗೆ ಮಗು ಸೇರುತ್ತಿದೆಯಾ? ಮೊದಲು ಅಲ್ಲಿಯ ವಾಡಿಕೆ ತಿಳಿದುಕೊಳ್ಳಿ

ಕ್ಯಾಲಿಫೋರ್ನಿಯಾದ ಕುಪರ್ಟಿನೋ, ಸನ್ನಿವೇಲ್ ಕಡೆ ಮನೆ ಹುಡುಕುವ ನಮ್ಮವರು ಮೊದಲು ಕೇಳುವ ಪ್ರಶ್ನೆ ಒಂದೇ. ಶಾಲೆಗಳನ್ನು ಅಳೆಯುವ ಜಾಲತಾಣಗಳು ಈ ಶಾಲೆಗೆ ಹತ್ತಕ್ಕೆ ಎಷ್ಟು ಅಂಕ ಕೊಟ್ಟಿವೆ? ನನ್ನ ದೊಡ್ಡ ಮಗಳು ಹೋಮ್‌ಸ್ಟೆಡ್‌ನಲ್ಲೇ ಓದಿ ಮುಗಿಸಿದಳು, ಚಿಕ್ಕವನು ಈಗ ಅಲ್ಲೇ ಹತ್ತನೇ ತರಗತಿ. ಮೈಸೂರು, ಬೆಂಗಳೂರು, ಹುಬ್ಬಳ್ಳಿಯಿಂದ ಹೊಸದಾಗಿ ಬರುವವರು ನಮ್ಮ ಮನೆಗೆ ಬಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಆ ಹತ್ತರ ಅಂಕಿಯಲ್ಲಿ ಪರೀಕ್ಷೆಯ ಫಲಿತಾಂಶದ ಪಾಲೇ ಜಾಸ್ತಿ. ಬ್ಯಾಂಡ್ ಅಭ್ಯಾಸ, ಮಕ್ಕಳೇ ನಡೆಸುವ ಪತ್ರಿಕೆ, ರೋಬೋಟ್ ಕಟ್ಟುವ ಕೋಣೆ, ಒಂಬತ್ತನೇ ತರಗತಿಯ ಮಗುವನ್ನು ಕೈಹಿಡಿದು ಶಾಲೆ ತೋರಿಸುವ ಹಿರಿಯ ವಿದ್ಯಾರ್ಥಿ, ಇವು ಯಾವುವೂ ಅದರಲ್ಲಿ ಕಾಣುವುದಿಲ್ಲ. ನನ್ನ ಮಟ್ಟಿಗೆ ಈ ಶಾಲೆಯ ಬಲ ಇರುವುದೇ ಅವುಗಳಲ್ಲಿ. ಅಂಕಿ ನೋಡಲೇಬೇಕು ಅನ್ನಿಸಿದರೆ ರಾಜ್ಯದ ಪ್ರತಿ ಸರ್ಕಾರಿ ಶಾಲೆಯೂ ವರ್ಷಕ್ಕೊಮ್ಮೆ ಪ್ರಕಟಿಸಬೇಕಾದ ಹೊಣೆಗಾರಿಕೆ ವರದಿಯನ್ನು ತೆಗೆದು ಓದಿ. ಒಟ್ಟಾರೆ ಶಿಕ್ಷಕರ ಅರ್ಹತೆ ಹೇಗಿದೆ, ಕಟ್ಟಡದ ಸ್ಥಿತಿ ಹೇಗಿದೆ, ಎಷ್ಟು ಮಕ್ಕಳು ಓದು ಮುಗಿಸುತ್ತಾರೆ, ಎಲ್ಲ ಅಲ್ಲಿರುತ್ತದೆ.

ಮನೆ ಹಿಡಿಯುವ ಮುಂಚೆ

ಶಾಲೆಗಾಗಿ ಮನೆ ಹುಡುಕುವುದು ನಮ್ಮವರಿಂದ ಶುರುವಾದದ್ದಲ್ಲ. ಸ್ಟೀವ್ ಜಾಬ್ಸ್ ಹುಡುಗನಾಗಿದ್ದಾಗ ಹಳೆಯ ಶಾಲೆಗೆ ಮತ್ತೆ ಹೋಗುವುದಿಲ್ಲ ಎಂದು ಹಟ ಹಿಡಿದ. ಅವನ ಅಪ್ಪ ಅಮ್ಮ ಇದ್ದಬದ್ದ ದುಡ್ಡು ಸೇರಿಸಿ 21,000 ಡಾಲರಿಗೆ ಲಾಸ್ ಆಲ್ಟೋಸ್‌ನಲ್ಲಿ ಮನೆ ಕೊಂಡರು. ಆ ಮನೆ ಒಳ್ಳೆಯ ಶಾಲೆಗಳ ಗಡಿಯೊಳಗೆ ಬರುತ್ತಿತ್ತು, ಅಷ್ಟೇ ಕಾರಣ. ಮುಂದೆ ಆ್ಯಪಲ್ ಕಂಪನಿ ಶುರುವಾದದ್ದು ಆ ಮನೆಯಲ್ಲೇ.

ಮನೆ ಲಾಸ್ ಆಲ್ಟೋಸ್‌ನಲ್ಲಿದ್ದರೂ ಜಾಬ್ಸ್ ಹೈಸ್ಕೂಲು ಓದಿದ್ದು ಹೋಮ್‌ಸ್ಟೆಡ್‌ನಲ್ಲಿ. ಇದರಿಂದ ನಿಮಗೆ ಬೇಕಾದ ವಿಷಯ ಇಷ್ಟು. ಊರಿನ ಹೆಸರು ನೋಡಿ ಶಾಲೆ ಯಾವುದೆಂದು ಊಹಿಸಬೇಡಿ. ಹೋಮ್‌ಸ್ಟೆಡ್ ಇರುವುದು ಕುಪರ್ಟಿನೋದಲ್ಲಿ. ಆದರೆ ಸನ್ನಿವೇಲ್‌ನ ಎಷ್ಟೋ ಮಕ್ಕಳು ಅಲ್ಲಿಗೇ ಬರುತ್ತಾರೆ. ಒಂದೇ ರಸ್ತೆಯ ಎರಡು ಬದಿಗೆ ಎರಡು ಶಾಲೆ ಆಗುವುದೂ ಉಂಟು. ಹೋಮ್‌ಸ್ಟೆಡ್ ಅನ್ನು ನಡೆಸುವ ಆಡಳಿತ ಸಂಸ್ಥೆಯಾದ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್‌ನ ಜಾಲತಾಣದಲ್ಲಿ ಮನೆಯ ಪೂರ್ತಿ ವಿಳಾಸ ಹಾಕಿ ನೋಡಿ, ಆಮೇಲೆ ಬಾಡಿಗೆ ಕರಾರಿಗೆ ಸಹಿ ಹಾಕಿ. ಇನ್ನೊಂದು ವಿಷಯ, ಈ ಡಿಸ್ಟ್ರಿಕ್ಟ್ ಹೈಸ್ಕೂಲುಗಳಿಗೆ ಮಾತ್ರ. ಎಂಟನೇ ತರಗತಿಯವರೆಗಿನ ಶಾಲೆಗಳದ್ದು ಬೇರೆ ಆಡಳಿತ. ಹಾಗಾಗಿ ಮಗು ಎಂಟರವರೆಗೆ ಇಲ್ಲೇ ಓದಿದ್ದರೂ ಒಂಬತ್ತಕ್ಕೆ ಹೊಸದಾಗಿ ದಾಖಲಾಗಬೇಕು. ವಿಳಾಸದ ಪುರಾವೆಯನ್ನು ಮತ್ತೆ ಕೊಡಬೇಕು. ಇದನ್ನು ಅವರು ಕಟ್ಟುನಿಟ್ಟಾಗಿ ನೋಡುತ್ತಾರೆ.

ಊರಿಂದ ನೇರವಾಗಿ ಬರುವವರು ಅಂಕಪಟ್ಟಿ, ಟಿಸಿ ಜೊತೆಗೆ ಲಸಿಕೆ ಕಾರ್ಡನ್ನು ಕೈಚೀಲದಲ್ಲೇ ಇಟ್ಟುಕೊಂಡು ಬನ್ನಿ. ಪೋಲಿಯೋ, ದಡಾರ, ಹೆಪಟೈಟಿಸ್ ಬಿ, ಚಿಕನ್‌ಪಾಕ್ಸ್ ಎಲ್ಲದರ ದಾಖಲೆ ಬೇಕು. ಕ್ಷಯರೋಗದ ತಪಾಸಣೆಯನ್ನೂ ಈ ಕೌಂಟಿ ಕೇಳುತ್ತದೆ. ನಮ್ಮ ಮಕ್ಕಳಿಗೆ ಹುಟ್ಟಿದಾಗ ಬಿಸಿಜಿ ಹಾಕಿಸಿರುತ್ತೇವೆ ಅಲ್ವಾ, ಅದರಿಂದ ಚರ್ಮದ ಪರೀಕ್ಷೆಯಲ್ಲಿ ರೋಗ ಇಲ್ಲದಿದ್ದರೂ ಇದೆ ಎಂದು ಬರಬಹುದು. ರಕ್ತದ ಪರೀಕ್ಷೆ ಮಾಡಿಸಬಹುದಾ ಎಂದು ಡಾಕ್ಟರನ್ನು ಮೊದಲೇ ಕೇಳಿ.

ವಿಷಯ ಆರಿಸುವಾಗ

ಒಂಬತ್ತನೇ ತರಗತಿಗೆ ವಿಷಯ ಆರಿಸುವ ಕೆಲಸ ಹಿಂದಿನ ಚಳಿಗಾಲದಲ್ಲೇ ಶುರುವಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ, ಅಂದರೆ ಯುಸಿಗೆ, ಒಟ್ಟು 15 ವರ್ಷಾವಧಿ ವಿಷಯಗಳು ಬೇಕು. ಇಂಗ್ಲಿಷ್ 4, ಗಣಿತ 3, ಚರಿತ್ರೆ 2, ವಿಜ್ಞಾನ 2, ಬೇರೆ ಭಾಷೆ 2, ಕಲೆ 1, ಐಚ್ಛಿಕ 1. ಇದು ಕನಿಷ್ಠ. ಗಣಿತ, ವಿಜ್ಞಾನ, ಭಾಷೆ ಒಂದೊಂದು ವರ್ಷ ಜಾಸ್ತಿ ಓದಿದರೆ ಒಳ್ಳೆಯದು.

ನಮ್ಮ ಸಮಾರಂಭಗಳಲ್ಲಿ ಊಟದ ಸಾಲಿನಲ್ಲೇ "ನಿಮ್ಮ ಮಗಳು ಎಷ್ಟು ಎಪಿ ತಗೊಂಡಿದ್ದಾಳೆ?" ಎಂಬ ಪ್ರಶ್ನೆ ಬರುತ್ತದೆ. ಎಪಿ ಅಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯ. ನನಗೆ ಆ ಪ್ರಶ್ನೆ ಕೇಳಿದರೇ ಸಂಕಟವಾಗುತ್ತದೆ. ಯುಸಿ ಸರಾಸರಿ ಲೆಕ್ಕ ಹಾಕುವಾಗ ಹತ್ತು ಮತ್ತು ಹನ್ನೊಂದನೇ ತರಗತಿಯ ಅಂಕ ಹಿಡಿಯುತ್ತದೆ. ಎಪಿ ಥರದ ಕಠಿಣ ವಿಷಯಗಳಿಗೆ ಹೆಚ್ಚುವರಿ ಅಂಕ ಸಿಗುವುದು 8 ಸೆಮಿಸ್ಟರ್‌ಗೆ ಮಾತ್ರ. ಅದರಾಚೆ ಎಷ್ಟು ಎಪಿ ತೆಗೆದುಕೊಂಡರೂ ಆ ಲೆಕ್ಕ ಮೇಲೇರುವುದಿಲ್ಲ. ಕಾಲೇಜು ಪ್ರವೇಶಕ್ಕೆಂದು ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕವನ್ನಂತೂ ಪ್ರವೇಶಕ್ಕೆ ಅವರು ನೋಡುವುದೇ ಇಲ್ಲ. ಹಾಗಾಗಿ ಮಗುವಿನ ಆರು ಪೀರಿಯಡ್‌ನಲ್ಲಿ ಒಂದನ್ನು ಅದಕ್ಕೆ ನಿಜವಾಗಿ ಇಷ್ಟವಾದದ್ದಕ್ಕೆ ಬಿಡಿ. ಬ್ಯಾಂಡ್ ಆಗಲಿ, ಪತ್ರಿಕೆ ಆಗಲಿ, ಚಿತ್ರಕಲೆ ಆಗಲಿ.

ಮನೆಯಲ್ಲಿ ಕನ್ನಡ ಓದಿ ಬರೆಯಲು ಕಲಿಸಿದ್ದರೆ ಅದನ್ನೂ ಬಳಸಿಕೊಳ್ಳಿ. ಎರಡು ಭಾಷೆ ಬಲ್ಲ ಮಕ್ಕಳ ಡಿಪ್ಲೊಮಾ ಮೇಲೆ ರಾಜ್ಯದ ಮುದ್ರೆ ಹಾಕುವ ಪದ್ಧತಿಯನ್ನು ದೇಶದಲ್ಲಿ ಮೊದಲು ಕಾನೂನು ಮಾಡಿದ್ದು ಕ್ಯಾಲಿಫೋರ್ನಿಯಾ, 2011ರಲ್ಲಿ. ಕನ್ನಡಕ್ಕೆ ಯಾವ ಪರೀಕ್ಷೆಯನ್ನು ಒಪ್ಪುತ್ತೀರಿ ಎಂದು ಒಂಬತ್ತನೇ ತರಗತಿಯಲ್ಲೇ ಕೌನ್ಸಿಲರನ್ನು, ಅಂದರೆ ಮಕ್ಕಳಿಗೆ ಸಲಹೆ ಕೊಡುವ ಶಾಲೆಯ ಸಿಬ್ಬಂದಿಯನ್ನು, ಕೇಳಿ. ಹನ್ನೆರಡನೇ ತರಗತಿಗೆ ಬಂದಮೇಲೆ ಓಡಾಡಿದರೆ ಸಮಯ ಸಾಲುವುದಿಲ್ಲ.

ತರಗತಿಯ ಆಚೆ ಕಳಿಸುವ ಪದ್ಧತಿ

ಹೋಮ್‌ಸ್ಟೆಡ್ ಶುರುವಾದದ್ದು 1962ರಲ್ಲಿ. ಈಗ ಸಿಲಿಕಾನ್ ವ್ಯಾಲಿ ಅನ್ನಿಸಿಕೊಳ್ಳುವ ಈ ಕಣಿವೆಯ ತುಂಬ ಆಗ ಹಣ್ಣಿನ ತೋಟಗಳಿದ್ದವು. ಪಕ್ಕದಲ್ಲೇ ಎಲೆಕ್ಟ್ರಾನಿಕ್ಸ್ ಕಂಪನಿಗಳು ತಲೆ ಎತ್ತುತ್ತಿದ್ದವು. ಶಾಲೆಯಲ್ಲಿ ಜಾನ್ ಮೆಕಾಲಮ್ ಎಂಬ ಮೇಷ್ಟ್ರು ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ನೌಕಾಪಡೆಯಲ್ಲಿ ಇದ್ದು ಬಂದವರು, ಶಿಸ್ತಿನ ಮನುಷ್ಯ. ಅವರ ಶಿಷ್ಯ, ಮುಂದೆ ಜಾಬ್ಸ್ ಜೊತೆ ಆ್ಯಪಲ್ ಕಟ್ಟಿದ ಸ್ಟೀವ್ ವೋಜ್ನಿಯಾಕ್‌ಗೆ ತರಗತಿಯ ಪಾಠ ಸಾಲುತ್ತಿರಲಿಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಮೆಕಾಲಮ್ ಸುಮ್ನೆ ಕೂರಲಿಲ್ಲ. ಸನ್ನಿವೇಲ್‌ನ ಸಿಲ್ವೇನಿಯಾ ಕಂಪನಿಯವರ ಜೊತೆ ಮಾತಾಡಿ, ಹುಡುಗ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವಂತೆ ಮಾಡಿಕೊಟ್ಟರು. ವೋಜ್ನಿಯಾಕ್ ಶಾಲೆ ಮುಗಿಸಿದ್ದು 1968ರಲ್ಲಿ, ಅದೇ ಮೇಷ್ಟ್ರ ತರಗತಿಯಲ್ಲಿ ಸ್ವಲ್ಪ ಕಾಲ ಕೂತಿದ್ದ ಜಾಬ್ಸ್ 1972ರಲ್ಲಿ. ಇವರಿಬ್ಬರನ್ನು ಪರಿಚಯ ಮಾಡಿಸಿದ ಬಿಲ್ ಫರ್ನಾಂಡಿಸ್ ಕೂಡ ಇದೇ ಶಾಲೆಯವರು.

ಜನ ಈ ಕಥೆಯನ್ನು ಆ್ಯಪಲ್ ಹುಟ್ಟಿದ ಕಥೆಯಾಗಿ ಹೇಳುತ್ತಾರೆ. ನನಗೆ ಮಾತ್ರ ಇದು ಒಬ್ಬ ಸರ್ಕಾರಿ ಶಾಲೆಯ ಮೇಷ್ಟ್ರು ತನ್ನ ಹುಡುಗನಿಗಾಗಿ ಇನ್ನೊಂದು ಬಾಗಿಲು ತಟ್ಟಿದ ಕಥೆ. ಅಂಥ ಬಾಗಿಲು ಇವತ್ತೂ ಇವೆ. ಹತ್ತಿರದ ದೊಡ್ಡದು ಸ್ಟೀವನ್ಸ್ ಕ್ರೀಕ್ ರಸ್ತೆಯ ಡಿ ಆಂಜಾ ಕಾಲೇಜು. ಹೈಸ್ಕೂಲಿನಲ್ಲಿ ಇರುವಾಗಲೇ ಮಕ್ಕಳು ಅಲ್ಲಿ ಕಾಲೇಜಿನ ಪಾಠ ಓದಬಹುದು. ಪೋಷಕರ ಸಹಿ, ಶಾಲೆಯ ಸಹಿ ಬೇಕು. ನನ್ನ ಮಗಳು ಬೇಸಿಗೆಯಲ್ಲಿ ಅಲ್ಲಿ ಮಣ್ಣಿನ ಪಾತ್ರೆ ಮಾಡುವುದನ್ನು ಕಲಿತಳು. ತರಗತಿಯಲ್ಲಿ ಅವಳ ಪಕ್ಕ ಕೂರುತ್ತಿದ್ದವರು ಕೆಲಸದಿಂದ ನಿವೃತ್ತರಾದ ಅಜ್ಜಿ. ಅಂಥ ಸಹವಾಸ ಹೈಸ್ಕೂಲಿನ ಒಳಗೆ ಸಿಗುವುದಿಲ್ಲ.

ಶಾಲೆಯೊಳಗೇ ಇರುವ ಇನ್ನೊಂದು ಸೌಲಭ್ಯ ಟ್ಯುಟೋರಿಯಲ್. ಶಾಲೆಯ ವೇಳೆಯಲ್ಲೇ ಮಗು ತನಗೆ ಬೇಕಾದ ಶಿಕ್ಷಕರ ಕೋಣೆಗೆ ಹೋಗಿ ಅನುಮಾನ ಕೇಳಬಹುದು. ನಮ್ಮ ಊರಿಂದ ಬಂದ ಮಕ್ಕಳು ಮೊದಲ ವರ್ಷ ಹಿಂಜರಿಯುತ್ತಾರೆ. ಮೇಷ್ಟ್ರ ಎದುರು ಎದ್ದುನಿಂತು ಅಭ್ಯಾಸ, ತಾವಾಗಿ ಹೋಗಿ ಕೇಳಿ ಅಭ್ಯಾಸ ಇಲ್ಲ. ಹಾಗಾಗಿ ಮನೆಯಲ್ಲಿ ಒಂದು ಪ್ರಶ್ನೆ ಬರೆಸಿ ಕಳಿಸಿ. ಮೊದಲ ಸಲ ಆ ಚೀಟಿ ನೋಡಿಕೊಂಡು ಓದಿದರೂ ಸಾಕು. ಶಿಕ್ಷಕರಿಗೆ ಇಮೇಲ್ ಬರೆಯುವುದಿದ್ದರೂ ಮಗುವಿನ ಕೈಲೇ ಬರೆಸಿ, ನೀವು ಪಕ್ಕದಲ್ಲಿ ಕೂತುಕೊಳ್ಳಿ. ಟ್ಯೂಷನ್‌ಗೆ ದುಡ್ಡು ಸುರಿಯುವ ಮುಂಚೆ ಇದನ್ನು ಒಂದು ಸೆಮಿಸ್ಟರ್ ಮಾಡಿ ನೋಡಿ.

ಹೋಮ್‌ಕಮಿಂಗ್ ವಾರ, ಬ್ಯಾಂಡ್, ಪತ್ರಿಕೆ

ಆಗಸ್ಟ್ ನಡುವೆ ಶಾಲೆ ತೆರೆಯುತ್ತದೆ. ಆಮೇಲೆ ಪೋಷಕರಿಗೆ ಒಂದು ಸಂಜೆ ಇರುತ್ತದೆ, ಬ್ಯಾಕ್ ಟು ಸ್ಕೂಲ್ ನೈಟ್. ಮಗುವಿನ ವೇಳಾಪಟ್ಟಿ ಹಿಡಿದು ನೀವೇ ಒಂದೊಂದು ಕೋಣೆಗೆ ಹೋಗಬೇಕು. ಒಬ್ಬೊಬ್ಬ ಶಿಕ್ಷಕರೂ ಕೆಲವೇ ನಿಮಿಷ ಮಾತಾಡುತ್ತಾರೆ. ಅದು ನಿಮ್ಮ ಮಗುವಿನ ಬಗ್ಗೆ ಕೇಳುವ ಹೊತ್ತಲ್ಲ, ಅದಕ್ಕೆ ಬೇರೆ ಸಮಯ ತೆಗೆದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಹೋಗಿ. ಎಲ್ಲರಲ್ಲೂ ಅಮ್ಮ ಮಾತ್ರ ಬಂದಿರುವುದನ್ನು ನೋಡಿ ನನಗೆ ಬೇಜಾರಾಗುತ್ತದೆ.

ಶರತ್ಕಾಲದಲ್ಲಿ ಹೋಮ್‌ಕಮಿಂಗ್. ಇಡೀ ವರ್ಷದಲ್ಲಿ ಶಾಲೆ ಒಂದು ಊರಿನ ಜಾತ್ರೆಯ ಹಾಗೆ ಕಾಣುವ ವಾರ ಅದು. ಒಂಬತ್ತರಿಂದ ಹನ್ನೆರಡರವರೆಗೆ ಒಂದೊಂದು ತರಗತಿಯೂ ತನ್ನದೇ ವಿಷಯ ಆರಿಸಿಕೊಂಡು ಅಲಂಕಾರ ಮಾಡುತ್ತದೆ, ಕಿರುನಾಟಕ ಆಡುತ್ತದೆ. ದಿನಕ್ಕೊಂದು ಬಗೆಯ ಉಡುಗೆ. ಒಂದು ದಿನ ಎಲ್ಲ ಕಡೆ ಹಸಿರು ಬಿಳಿ, ಅದು ಶಾಲೆಯ ಬಣ್ಣ. ಶಾಲೆಯ ಗುರುತು ಮಸ್ಟಾಂಗ್, ಕಾಡು ಕುದುರೆ. ಮಗು "ರಟ್ಟು ಬೇಕು, ಬಣ್ಣ ಬೇಕು, ರಾತ್ರಿ ಗೆಳತಿಯ ಮನೆಯಲ್ಲಿ ಅಲಂಕಾರದ ಕೆಲಸ ಇದೆ" ಎಂದರೆ ಓದು ಹಾಳಾಯಿತು ಅಂದುಕೊಳ್ಳಬೇಡಿ. ಹೊಸ ಊರಿಗೆ ಬಂದ ಮಗುವಿಗೆ ಸ್ನೇಹಿತರು ಸಿಗುವುದು ಆ ರಾತ್ರಿಗಳಲ್ಲೇ. ನಮ್ಮವನು ಮಾತು ಕಡಿಮೆ ಹುಡುಗ. ಅವನಿಗೆ ಮೊದಲ ಗೆಳೆಯರು ಸಿಕ್ಕಿದ್ದು ರಟ್ಟು ಕತ್ತರಿಸುವಾಗ.

ಆ ವಾರದ ಅಮೆರಿಕನ್ ಫುಟ್‌ಬಾಲ್ ಆಟಕ್ಕೆ ಮನೆಯವರೆಲ್ಲ ಹೋಗಿ. ಆಟದ ನಿಯಮ ಇಷ್ಟು ಗೊತ್ತಿದ್ದರೆ ಸಾಕು. ಚೆಂಡು ಹಿಡಿದವರಿಗೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು. ಅರ್ಧ ಆಟವಾದಾಗ ಎದ್ದು ಹೋಗಬೇಡಿ, ಆಗಲೇ ಬ್ಯಾಂಡ್ ಮೈದಾನಕ್ಕೆ ಇಳಿಯುವುದು.

ಬ್ಯಾಂಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಮಗಳನ್ನು ಬೆಳೆಸಿದ್ದು ಅದು. ಮಾರ್ಚಿಂಗ್ ಬ್ಯಾಂಡ್ ಮಕ್ಕಳಿಗೆ ಶಾಲೆ ತೆರೆಯುವ ಮುಂಚೆಯೇ ಬಿಸಿಲಲ್ಲಿ ತಾಲೀಮು ಶುರು. ಕ್ಲಾರಿನೆಟ್ ಊದುತ್ತಾ, ಎಣಿಸಿದ ಹೆಜ್ಜೆಯಲ್ಲಿ, ಪಕ್ಕದವರ ಸಾಲು ಕೆಡದಂತೆ ನಡೆಯಬೇಕು. ಶನಿವಾರಗಳು ಸ್ಪರ್ಧೆಗೇ ಹೋಗುತ್ತವೆ. ವಾದ್ಯ ಮೊದಲೇ ನುಡಿಸಿ ಗೊತ್ತಿಲ್ಲದ ಮಗುವಾದರೂ ನಿರ್ದೇಶಕರನ್ನು ಹೋಗಿ ಕೇಳಲಿ. ತಾಳ ಗೊತ್ತಿರುವ ಮಗುವಿಗೆ, ಮೃದಂಗ ಕಲಿತವರಿಗೆ ವಿಶೇಷವಾಗಿ, ತಾಳವಾದ್ಯದ ಸಾಲಿನಲ್ಲಿ ಹೊಂದಿಕೊಳ್ಳುವುದು ಬೇಗ.

ಇದಕ್ಕೆ ದೊಡ್ಡ ಮೊತ್ತದ ದೇಣಿಗೆ ಕೇಳುವ ಪತ್ರ ಬರುತ್ತದೆ. ಕೊಡಲು ಆದರೆ ಖಂಡಿತ ಕೊಡಿ, ಸಮವಸ್ತ್ರ, ಲಾರಿ, ತರಬೇತುದಾರರು ಎಲ್ಲ ನಡೆಯುವುದು ಅದರಿಂದಲೇ. ಆಗದಿದ್ದರೆ ಅಳುಕು ಬೇಡ. ಸರ್ಕಾರಿ ಶಾಲೆಯ ಚಟುವಟಿಕೆಗೆ ಶುಲ್ಕ ಕಡ್ಡಾಯ ಮಾಡುವಂತಿಲ್ಲ ಎಂದು ಈ ರಾಜ್ಯದಲ್ಲಿ ಕಾನೂನೇ ಇದೆ. ದುಡ್ಡು ಕೊಟ್ಟಿಲ್ಲವೆಂದು ಮಗುವನ್ನು ಹೊರಗಿಡುವ ಹಾಗಿಲ್ಲ. ಬದಲಿಗೆ ನಿಮ್ಮ ಸಮಯ ಕೊಡಿ. ನಾನು ನೀರಿನ ಬಾಟಲಿ ಹಂಚಿದ್ದೇನೆ, ಸಮವಸ್ತ್ರದ ಗುಂಡಿ ಹೊಲಿದಿದ್ದೇನೆ, ತಿಂಡಿ ಮಾರುವ ಮೇಜಿನ ಹಿಂದೆ ನಿಂತಿದ್ದೇನೆ. ಇಲ್ಲಿನ ಪೋಷಕರ ಪರಿಚಯ ಆದದ್ದು ಆ ಮೇಜಿನ ಹಿಂದೆ.

ಬರೆಯುವ ಮಗುವಿದ್ದರೆ ಶಾಲೆಯ ಪತ್ರಿಕೆ 'ದಿ ಎಪಿಟಾಫ್' ತೋರಿಸಿ. ಕ್ಯಾಲಿಫೋರ್ನಿಯಾದಲ್ಲಿ 1977ರಿಂದ ವಿದ್ಯಾರ್ಥಿ ಪತ್ರಿಕೆಗಳಿಗೆ ಕಾನೂನಿನ ರಕ್ಷಣೆ ಇದೆ. ಮಾನಹಾನಿ, ಅಶ್ಲೀಲತೆ ಅಥವಾ ಗಲಭೆ ಎಬ್ಬಿಸುವಂಥ ಬರಹವಲ್ಲದಿದ್ದರೆ, ಇಷ್ಟವಾಗಲಿಲ್ಲ ಎಂಬ ಕಾರಣಕ್ಕೆ ಪ್ರಿನ್ಸಿಪಾಲರು ಅದನ್ನು ತಡೆಯುವಂತಿಲ್ಲ. ಹದಿನಾರರ ಮಗು ತನ್ನ ಶಾಲೆಯ ತಪ್ಪನ್ನು ಶಾಲೆಯ ಪತ್ರಿಕೆಯಲ್ಲೇ ಬರೆಯಬಹುದು. ಇದಕ್ಕಿಂತ ದೊಡ್ಡ ನಾಗರಿಕ ಪಾಠ ನನಗೆ ಗೊತ್ತಿಲ್ಲ. ಯಂತ್ರಗಳ ಹುಚ್ಚಿರುವ ಮಗುವಿಗೆ ರೋಬೋಟಿಕ್ಸ್ ತಂಡ ಇದೆ. ಅವರ ಸ್ಪರ್ಧೆಯ ವಿಷಯ ಜನವರಿ ಮೊದಲಲ್ಲಿ ಬರುತ್ತದೆ. ಅಲ್ಲಿಂದ ಕೆಲವು ವಾರ ಮಗು ಊಟಕ್ಕೂ ಸಿಗುವುದಿಲ್ಲ.

ನಿದ್ದೆ, ಊಟ, ಕೊನೆಯ ವರ್ಷ

ಈ ಕಣಿವೆಯಲ್ಲಿ ಪೈಪೋಟಿ ಜಾಸ್ತಿ, ಮಕ್ಕಳ ನಿದ್ದೆ ಕಡಿಮೆ. 2022ರ ಜುಲೈಯಿಂದ ರಾಜ್ಯದ ಹೈಸ್ಕೂಲುಗಳು ಸಾಮಾನ್ಯವಾಗಿ ಬೆಳಗ್ಗೆ 8:30ಕ್ಕೆ ಮುಂಚೆ ಶುರುವಾಗುವಂತಿಲ್ಲ. ಹದಿಹರೆಯದವರ ನಿದ್ದೆಗಾಗಿಯೇ ಮಾಡಿದ ಕಾನೂನು ಅದು. ಆ ಬೆಳಗಿನ ಹೊತ್ತಿಗೆ ಟ್ಯೂಷನ್ ತುಂಬಬೇಡಿ. ತಿಂಡಿ, ಮಧ್ಯಾಹ್ನದ ಊಟ ಎರಡೂ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಉಚಿತ, ಆದಾಯ ಕೇಳುವುದಿಲ್ಲ. ಡಬ್ಬಿಯಲ್ಲಿ ಚಪಾತಿ ಪಲ್ಯ ಕಳಿಸಿದರೂ ಈಗ ಯಾರೂ ತಿರುಗಿ ನೋಡುವುದಿಲ್ಲ.

ಹನ್ನೆರಡನೇ ತರಗತಿಯ ಶರತ್ಕಾಲ ಅರ್ಜಿಗಳ ಕಾಲ. ಯುಸಿ ಅರ್ಜಿಯನ್ನು ಅಕ್ಟೋಬರ್‌ನಿಂದ ಕಳಿಸಬಹುದು, ನವೆಂಬರ್ ಮುಗಿಯುವುದರೊಳಗೆ ಕಳಿಸಿಬಿಡಿ. ವಸಂತದಲ್ಲಿ ಪ್ರಾಮ್ ಎಂಬ ನೃತ್ಯಕೂಟ, ಇಯರ್‌ಬುಕ್ ಎಂಬ ಆ ವರ್ಷದ ಫೋಟೋ ಪುಸ್ತಕ, ಪದವಿ ಸಮಾರಂಭ. ಇಯರ್‌ಬುಕ್ ಅನ್ನು ವರ್ಷದ ಮೊದಲಲ್ಲೇ ಕೊಂಡರೆ ಬೆಲೆ ಕಡಿಮೆ. ಮಕ್ಕಳು ಅದರಲ್ಲಿ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಾರೆ, ಶಿಕ್ಷಕರ ಕೈಲೂ ಬರೆಸುತ್ತಾರೆ. ಪ್ರಾಮ್‌ಗೆ ಕಳಿಸಲೋ ಬೇಡವೋ ಎಂದು ನಮ್ಮ ಮನೆಯಲ್ಲೂ ಮಾತು ನಡೆದಿತ್ತು. ನಾವು ಕಳಿಸಿದೆವು. ಅವಳು ಗೆಳತಿಯರ ಗುಂಪಿನಲ್ಲಿ ಹೋಗಿ ಬಂದಳು, ಅಜ್ಜಿ ಊರಿಂದ ಕಳಿಸಿದ ಇಳಕಲ್ ಸೀರೆಯಲ್ಲಿ ಹೊಲಿಸಿದ ಲಂಗ ಹಾಕಿಕೊಂಡು.

ಶಾಲೆಯ ವಿಷಯದಲ್ಲಿ ಏನಾದರೂ ಬದಲಾಗಬೇಕು ಅನ್ನಿಸಿದರೆ ಡಿಸ್ಟ್ರಿಕ್ಟ್‌ನ ಟ್ರಸ್ಟಿಗಳ ಸಭೆಗೆ ಹೋಗಿ. ಅವರು ನಾವಿರುವ ಪ್ರದೇಶದಿಂದ ಚುನಾಯಿತರಾದವರು. ಸಾಮಾನ್ಯ ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮುಂಚೆ ಪ್ರಕಟಿಸಲೇಬೇಕು. ಯಾರು ಬೇಕಾದರೂ ಎದ್ದು ಕೆಲವು ನಿಮಿಷ ಮಾತಾಡಬಹುದು. ಇಲ್ಲಿಯ ಪ್ರಜೆಯಾಗಿರಬೇಕಿಲ್ಲ, ವೀಸಾ ಯಾವುದೆಂದು ಯಾರೂ ಕೇಳುವುದಿಲ್ಲ. ಮಾತಾಡುವವರ ಚೀಟಿಯನ್ನು ಸಭೆ ಶುರುವಾಗುವ ಮುಂಚೆ ತುಂಬಿ ಕೊಡಿ. ಹೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.