ಮನೆಯ ಕಥೆ ರುದ್ರನಾಟಕವಾಗಿದೆಯೇ? ಹಸ್ತಪ್ರತಿ ಪರೀಕ್ಷಿಸುವ ಬಗೆ

ಕೊಡಗಿನಲ್ಲಿ ಕೌಟುಂಬಿಕ ನಾಟಕ ಬರೆಯುವವರಿಗೆ ವಸ್ತುವಿನ ಬರವಿಲ್ಲ. ತೋಟದ ಸಾಲ, ಅಣ್ಣತಮ್ಮಂದಿರ ಪಾಲು, ಬೀಗ ಬಿದ್ದ ಐನ್‌ಮನೆ (ಕುಲದ ಮೂಲಮನೆ), ಎಲ್ಲವೂ ಕಣ್ಣೆದುರಿಗೇ ಇವೆ. ಆದರೆ ಕೊನೆಗೊಂದು ಸಾವು ಬಂದ ಮಾತ್ರಕ್ಕೆ ಅದು ರುದ್ರನಾಟಕ (ಟ್ರ್ಯಾಜೆಡಿ) ಆಗದು.

ಮೊದಲು ಹಸ್ತಪ್ರತಿಯನ್ನು ಕೊನೆಯಿಂದ ಹಿಂದಕ್ಕೆ ಓದಿ. ಮನೆ ಮುರಿದುಬಿದ್ದ ದೃಶ್ಯಕ್ಕೆ ಪೆನ್ಸಿಲ್ ಗುರುತು ಹಾಕಿ, 'ಇದು ಯಾಕಾಯಿತು?' ಎಂದು ಕೇಳುತ್ತ ಒಂದೊಂದೇ ದೃಶ್ಯ ಹಿಂದೆ ಸರಿಯಿರಿ. ದಾರಿ ಒಬ್ಬ ಮನುಷ್ಯನ ನಿರ್ಧಾರಕ್ಕೆ ಮುಟ್ಟಬೇಕು. ಮಳೆಗೋ ರೋಗಕ್ಕೋ ಲಾರಿ ಅಪಘಾತಕ್ಕೋ ಮುಟ್ಟಿದರೆ ಕಥೆ ದುಃಖದ್ದೇ, ಆದರೆ ರುದ್ರನಾಟಕವಲ್ಲ.

ಉದಾಹರಣೆಗೆ, 2018ರ ಆಗಸ್ಟ್‌ನಂಥ ಮಳೆಯಲ್ಲಿ ಗುಡ್ಡ ಜರಿದು ಮನೆ ಹೋಗುವ ಕಥೆ ಇಟ್ಟುಕೊಳ್ಳಿ. ಇಷ್ಟೇ ಆದರೆ ಅದು ವಿಪತ್ತು. ಈಗ ಇಷ್ಟು ಸೇರಿಸಿ: ಗುಡ್ಡ ಬಿರುಕು ಬಿಟ್ಟದ್ದನ್ನು ಒಕ್ಕದ (ಕುಲದ) ಹಿರಿಯನಾದ ಪಟ್ಟೆದಾರ ಕಂಡಿದ್ದಾನೆ, ಮಗ ಎಲ್ಲರನ್ನೂ ಕರೆದೊಯ್ಯಲು ಜೀಪು ತಂದು ನಿಲ್ಲಿಸಿದ್ದಾನೆ. ಆದರೂ 'ಕಾರಣವರ ದೀಪ, ನಮ್ಮ ಹಿರಿಯರ ದೀಪ ಆರಬಾರದು' ಎಂದು ಮುದುಕ ಎಲ್ಲರನ್ನೂ ಅಲ್ಲೇ ಉಳಿಸಿಕೊಳ್ಳುತ್ತಾನೆ. ರುದ್ರನಾಟಕ ಹುಟ್ಟುವುದು ಇಲ್ಲಿ. ಆ ಜೀಪು ಬಹಳ ಮುಖ್ಯ: ಬೇರೆ ದಾರಿ ತೆರೆದಿರದಿದ್ದರೆ ಅವನದು ಆಯ್ಕೆಯೇ ಅಲ್ಲ. ಅವನನ್ನು ಕೆಡಿಸಿದ್ದೂ ಕೆಟ್ಟತನವಲ್ಲ, ಮನೆತನದ ಮೇಲಿನ ನಿಷ್ಠೆ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ 'ಹಮಾರ್ಶಿಯ' ಎಂದದ್ದು ಇಂಥ ಎಡವಟ್ಟಿಗೆ. ನಾಯಕ ತೀರಾ ಸಜ್ಜನನೂ ಅಲ್ಲ, ದುಷ್ಟನೂ ಅಲ್ಲ. ಪೂರ್ತಿ ನಿರ್ದೋಷಿ ಬಿದ್ದರೆ ನೋಡುವವರಿಗೆ ಜಿಗುಪ್ಸೆ, ದುಷ್ಟ ಬಿದ್ದರೆ ಸಮಾಧಾನ. ಕರುಣೆ, ಭಯ ಎರಡೂ ಹುಟ್ಟುವುದಿಲ್ಲ. ಎಲ್ಲ ತಪ್ಪನ್ನೂ ಕುಡುಕ ತಮ್ಮನ ತಲೆಗೆ ಕಟ್ಟಿದ ನಾಟಕಗಳು ಸೋಲುವುದು ಇದರಿಂದಲೇ.

ಮುಂದಿನ ಪರೀಕ್ಷೆ: ಆಕಸ್ಮಿಕಗಳನ್ನೆಲ್ಲ ಹೊಡೆದುಹಾಕಿ ಮತ್ತೆ ಓದಿ. ತಪ್ಪಿಹೋದ ಪತ್ರ, ಕದ್ದು ಕೇಳಿದ ಮಾತು ತೆಗೆದರೂ ಪತನ ತಪ್ಪದಿದ್ದರೆ ಕಟ್ಟು ಗಟ್ಟಿಯಿದೆ.

ನಾಯಕ ಅರಸನಾಗಿರಬೇಕೆಂಬ ಹಟ ಬೇಡ. ಬಿ.ಎಂ.ಶ್ರೀ. 1929ರಲ್ಲಿ ಗ್ರೀಕ್ ನಾಟಕಕಾರ ಸೊಫೋಕ್ಲೀಸನ ಏಜಾಕ್ಸನನ್ನು ಅಶ್ವತ್ಥಾಮನಾಗಿಸಿದಾಗ ನಾಯಕ ಮಹಾವೀರ. 1949ರಲ್ಲಿ ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ 'ಡೆತ್ ಆಫ್ ಎ ಸೇಲ್ಸ್‌ಮನ್' ನಾಟಕದಲ್ಲಿ ಒಬ್ಬ ಸೇಲ್ಸ್‌ಮನ್‌ನನ್ನು ಆ ಜಾಗಕ್ಕೆ ತಂದರು, ಸಾಮಾನ್ಯನೂ ಅರಸನಷ್ಟೇ ಅರ್ಹ ಎಂದು ಬರೆದರು. ರಕ್ತಸಂಬಂಧಿಗಳ ನಡುವಿನ ಪೆಟ್ಟೇ ಹೆಚ್ಚು ತಾಗುತ್ತದೆ ಎಂದು ಅರಿಸ್ಟಾಟಲನೇ ಹೇಳಿರುವಾಗ, ಮನೆ ಚಿಕ್ಕ ವಸ್ತುವೆಂಬ ಅಳುಕು ಯಾಕೆ? ಸಿಂಹಾಸನದ ಬದಲು ಏನು ಪಣಕ್ಕಿದೆ ಎಂಬುದು ಮೊದಲ ಹತ್ತು ನಿಮಿಷದಲ್ಲಿ ಕಾಣಬೇಕು, ಅಷ್ಟೆ.

ಕೊನೆಯದು ಅರಿವು, ಅಂದರೆ ತನ್ನ ತಪ್ಪು ನಾಯಕನಿಗೇ ಗೊತ್ತಾಗುವ ಗಳಿಗೆ. ಅದು ತಡವಾಗಿ ಬರಬೇಕು. ಮಹಾಭಾರತದ ಯಯಾತಿ ಮಗ ಪೂರುವಿನಿಂದ ಪಡೆದ ಯೌವನವನ್ನು ಅವನಿಗೇ ಹಿಂದಿರುಗಿಸುತ್ತಾನೆ; ಕೊಟ್ಟದ್ದು ಮರಳಿ ಸಿಗುವುದರಿಂದ ಆ ಕಥೆ ರುದ್ರದ ಅಂಚಿನಿಂದ ಈಚೆ ಬರುತ್ತದೆ. ಮಿಲ್ಲರರ ಸೇಲ್ಸ್‌ಮನ್‌ಗಿಂತ ಅವನ ಮಗನಿಗೇ ಅರಿವು ಸ್ಪಷ್ಟ. ಆ ನಾಟಕ ರುದ್ರನಾಟಕವೇ ಎಂಬ ವಾದ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ. ನಿಮ್ಮ ಪ್ರತಿಯಲ್ಲಿ ಅರಿವಿನ ಸಾಲು ಯಾವುದೆಂದು ಬೆರಳಿಟ್ಟು ತೋರಿಸಿ. ಅದಕ್ಕೆ ಭಾಷಣ ಬೇಡ, ಹಿನ್ನೆಲೆ ಸಂಗೀತವೂ ಬೇಡ. ಮಗ ತಂದಿದ್ದ ಜೀಪಿನ ಕೀಲಿಯನ್ನು ಮುದುಕ ಕೆಸರಿನಿಂದ ಹೆಕ್ಕಿ, ಹಿರಿಯರ ಗುಡಿಯಾದ ಕೈಮಡದ ಕಲ್ಲಿನ ಮೇಲಿಟ್ಟರೆ ಸಾಕು.