ಮೊದಲು ಕೋಣೆ, ಆಮೇಲೆ ಸ್ಪೀಕರ್

ಮನೆಯ ಸ್ಟೀರಿಯೊದಲ್ಲಿ ಮೊದಲು ಯಾವುದನ್ನು ಬದಲಾಯಿಸಬೇಕು ಎಂದು ಕೇಳುತ್ತಿರುವವರಿಗೆ ನನ್ನ ಉತ್ತರ: ಸ್ಪೀಕರ್. ಆದರೆ ಹಣ ಬಿಚ್ಚುವ ಮುನ್ನ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ನಮ್ಮ ವಿಜಯಪುರದ ಎಷ್ಟೋ ಮನೆಗಳಲ್ಲಿ ನೆಲಕ್ಕೆ ಕಲ್ಲು, ಗೋಡೆ ಬೋಳು. ದನಿ ಪುಟಿದು ಬರುತ್ತದೆ. ಗೋಳಗುಮ್ಮಟದಲ್ಲಿ ನಿಂತು ಕೂಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ದಪ್ಪ ಜಮಖಾನೆ ಹಾಸಿ, ಸ್ಪೀಕರ್‌ಗಳನ್ನು ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಎಳೆದೆ. ಭೀಮಸೇನ ಜೋಶಿಯವರ ದನಿಯ ಹಿಂದೆ ಮಸುಕಾಗಿದ್ದ ತಂಬೂರಿಯ ತಂತಿಗಳು ಬಿಡಿಬಿಡಿಯಾಗಿ ಕೇಳಿದವು. ಒಂದು ರೂಪಾಯಿ ಖರ್ಚಾಗಲಿಲ್ಲ, ಜಮಖಾನೆ ಅಟ್ಟದ ಮೇಲೇ ಇತ್ತು.

ಇಷ್ಟಾದರೂ ಮನಸ್ಸು ತುಂಬದಿದ್ದರೆ ಸ್ಪೀಕರ್ ಬದಲಿಸಿ. ಕೊಳ್ಳುವಾಗ ಸೆನ್ಸಿಟಿವಿಟಿ, ಅಂದರೆ ಕೊಟ್ಟ ವಿದ್ಯುತ್ತಿಗೆ ಸ್ಪೀಕರ್ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ, ಎಷ್ಟಿದೆ ಎಂದು ಖಂಡಿತ ಕೇಳಿ. 90 ಡೆಸಿಬೆಲ್‌ನ ಸ್ಪೀಕರ್ 87 ಡೆಸಿಬೆಲ್‌ನದಕ್ಕಿಂತ ಅರ್ಧದಷ್ಟು ವಾಟ್‌ನಲ್ಲೇ ಅಷ್ಟೇ ಜೋರಾಗಿ ನುಡಿಯುತ್ತದೆ. ಹಾಗಾಗಿ ಸ್ಪೀಕರ್‌ಗೆ ಶಕ್ತಿ ಕೊಡುವ ಹಳೆಯ ಆಂಪ್ಲಿಫೈಯರ್ ಇನ್ನೂ ಕೆಲವು ವರ್ಷ ಸಾಕಾಗಬಹುದು. ದುಬಾರಿ ಕೇಬಲ್‌ಗೆ ದುಡ್ಡು ಸುರಿಯಬೇಡಿ.

ರೆಕಾರ್ಡ್ ಕೇಳುವವರು ಮಾತ್ರ ಎಲ್ಲಕ್ಕಿಂತ ಮೊದಲು ಸೂಜಿಯನ್ನು ಪರೀಕ್ಷಿಸಿ. ಸವೆದ ಸೂಜಿ ರೆಕಾರ್ಡಿನಲ್ಲಿ ಹಾಡು ಅಡಗಿರುವ ಸಣ್ಣ ಕೊರೆತಗಳನ್ನೇ ಕೆರೆದು ಹಾಳು ಮಾಡುತ್ತದೆ.