ಎಲ್ಸ್‌ಮಿಯರ್ ದ್ವೀಪದ ಪಳೆಯುಳಿಕೆ ಶಿಬಿರದಲ್ಲಿ ದಿನ ಕಳೆಯುವ ಬಗೆ

ಕೆನಡಾದ ಉತ್ತರದ ತುದಿಯಲ್ಲಿರುವ ಎಲ್ಸ್‌ಮಿಯರ್ ದ್ವೀಪಕ್ಕೆ ಪಳೆಯುಳಿಕೆ ಹುಡುಕಲು ಹೋಗುವವರಿಗೆ ಬಂಡೆಗಳ ಮೇಲಿನ ಹಿಮ ಕರಗಿರುವ ಅವಧಿಯಷ್ಟೇ ಕೆಲಸದ ಕಾಲ. ಅದು ಹೆಚ್ಚೆಂದರೆ ಜುಲೈನಿಂದ ಆಗಸ್ಟ್ ಮೊದಲ ಭಾಗದವರೆಗಿನ ಕೆಲವು ವಾರಗಳು. ಮೀನಿನ ದೇಹಕ್ಕೂ ಕಾಲುಳ್ಳ ಪ್ರಾಣಿಗಳ ದೇಹಕ್ಕೂ ನಡುವಿನ ಕೊಂಡಿಯೆನಿಸಿದ ಟಿಕ್ಟಾಲಿಕ್ ಎಂಬ ಜೀವಿಯ ಪಳೆಯುಳಿಕೆ ಸಿಕ್ಕಿದ್ದು ಇಲ್ಲಿಯೇ, ಸುಮಾರು 37.5 ಕೋಟಿ ವರ್ಷ ಹಳೆಯ ಶಿಲಾಪದರದಲ್ಲಿ. ಪಳೆಯುಳಿಕೆ ವಿಜ್ಞಾನಿಗಳಾದ ನೀಲ್ ಶುಬಿನ್, ಟೆಡ್ ಡೇಶ್ಲರ್, ಫ್ಯಾರಿಶ್ ಜೆಂಕಿನ್ಸ್ ಅವರ ತಂಡ ಉತ್ತರದ ಈ ದ್ವೀಪಸಮೂಹದಲ್ಲಿ 1999ರಲ್ಲಿ ಹುಡುಕಾಟ ಆರಂಭಿಸಿತ್ತು. ಅವರು ಬಯಸಿದ್ದು ಕೈಗೆ ಬಂದದ್ದು 2004ರಲ್ಲಿ. ಅಂಥ ಕಾಯುವಿಕೆಯನ್ನು ತಾಳಿಕೊಳ್ಳಬೇಕಾದರೆ ಶಿಬಿರದ ಬದುಕು ಕಟ್ಟುನಿಟ್ಟಾಗಿ ಸಾಗುತ್ತಿರಬೇಕು. ಹಸಿವು, ತೇವ ಮತ್ತು ನಿದ್ರೆಗೇಡಿನಿಂದ ಬಳಲಿದ ಕಣ್ಣಿಗೆ ಬಂಡೆಯ ನಡುವಿನ ಮೂಳೆ ಕಾಣಿಸುವುದಿಲ್ಲ.

ಹೊರಡುವ ಮುನ್ನವೇ ಮುಗಿಸಬೇಕಾದ ಕೆಲಸವೆಂದರೆ ಪರವಾನಗಿ. ಈ ದ್ವೀಪ ಸೇರಿರುವ ನುನಾವುಟ್ ಪ್ರದೇಶದಲ್ಲಿ ಪಳೆಯುಳಿಕೆ ಅಗೆಯಲು ಮತ್ತು ಸಂಗ್ರಹಿಸಲು ಸರ್ಕಾರದ ಅನುಮತಿ ಬೇಕು. ಅದಿಲ್ಲದೆ ನೆಲದ ಮೇಲೆ ಬಿದ್ದಿರುವ ತುಣುಕನ್ನೂ ಎತ್ತುವಂತಿಲ್ಲ. ವಿಮಾನ, ಇಂಧನ ಮತ್ತು ರೇಡಿಯೋ ನೆರವನ್ನು ಸಾಮಾನ್ಯವಾಗಿ ರೆಸಲ್ಯೂಟ್ ಎಂಬ ಊರಿನಲ್ಲಿ ನೆಲೆಯುಳ್ಳ, ಕೆನಡಾ ಸರ್ಕಾರದ ಪೋಲಾರ್ ಕಾಂಟಿನೆಂಟಲ್ ಶೆಲ್ಫ್ ಕಾರ್ಯಕ್ರಮದ ಮೂಲಕ ಪಡೆಯುತ್ತಾರೆ. ಅಗಲ ಟೈರುಗಳ ಟ್ವಿನ್ ಆಟರ್ ಎಂಬ ಸಣ್ಣ ವಿಮಾನವೋ ಹೆಲಿಕಾಪ್ಟರೋ ತಂಡವನ್ನು ಇಳಿಸಿ ಹಿಂತಿರುಗುತ್ತದೆ. ಮರೆತು ಬಂದ ವಸ್ತುವನ್ನು ತರಿಸಿಕೊಳ್ಳುವುದು ಆ ಬಳಿಕ ಸುಲಭವಲ್ಲ. ಆದ್ದರಿಂದ ಪ್ರತಿ ಪೆಟ್ಟಿಗೆಯ ತೂಕವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಮರಳುವಾಗ ಕಲ್ಲಿನ ತೂಕವೂ ಸೇರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆಹಾರ ಮತ್ತು ಇಂಧನವನ್ನು ಅಳೆಯಬೇಕು.

ಡೇರೆ ಹಾಕುವಾಗ ಗೂಟಗಳನ್ನು ನಂಬಬಾರದು. ಕೆಲವೇ ಅಂಗುಲ ಕೆಳಗೆ ನೆಲ ಹೆಪ್ಪುಗಟ್ಟಿರುವುದರಿಂದ ಗೂಟ ಆಳಕ್ಕೆ ಇಳಿಯುವುದಿಲ್ಲ. ಹಗ್ಗಗಳನ್ನು ಭಾರವಾದ ಕಲ್ಲುಗಳಿಗೆ ಬಿಗಿದು ಕಟ್ಟುವುದೇ ವಾಸಿ. ಅಡುಗೆಯ ಡೇರೆ ಮತ್ತು ಆಹಾರದ ದಾಸ್ತಾನು ಮಲಗುವ ಡೇರೆಗಳಿಂದ ಸಾಕಷ್ಟು ದೂರದಲ್ಲಿರಬೇಕು, ಏಕೆಂದರೆ ವಾಸನೆ ಹಿಮಕರಡಿಯನ್ನು ಕರೆಯುತ್ತದೆ. ಶಿಬಿರದ ಸುತ್ತ ಎಚ್ಚರಿಕೆಯ ತಂತಿ ಎಳೆಯುವುದು, ಸದ್ದಿನ ಸಿಡಿಗುಂಡುಗಳನ್ನು ಕೈಗೆ ಸಿಗುವಂತೆ ಇಡುವುದು, ಬಂದೂಕು ಬಳಸಲು ತರಬೇತಿ ಪಡೆದವರು ತಂಡದಲ್ಲಿ ಇರುವಂತೆ ನೋಡಿಕೊಳ್ಳುವುದು ಇವೆಲ್ಲ ವಿವಾದಕ್ಕೆ ಎಡೆಯಿಲ್ಲದ ನಿಯಮಗಳು. ಒಬ್ಬರೇ ಎಲ್ಲಿಗೂ ಹೋಗಬಾರದು.

ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಹೊಸಬರು ಇದನ್ನು ವರವೆಂದು ಭಾವಿಸಿ, ಬೆಳಕಿದೆಯಲ್ಲ ಎಂದು ನಡುರಾತ್ರಿ ದಾಟಿದರೂ ಕೆಲಸ ಮಾಡುತ್ತಾರೆ. ಮೂರ್ನಾಲ್ಕು ದಿನಗಳಲ್ಲೇ ಅದರ ಬೆಲೆ ತೆರಬೇಕಾಗುತ್ತದೆ. ದಿನಕ್ಕೊಂದು ಅಂಕೆ ಹಾಕುವುದು ಗಡಿಯಾರ ಮತ್ತು ರೇಡಿಯೋ ಮಾತ್ರ. ನಿಗದಿತ ಹೊತ್ತಿಗೆ ನೆಲೆಯನ್ನು ಸಂಪರ್ಕಿಸಿ, ಹವಾಮಾನವನ್ನೂ ತಂಡದ ಕ್ಷೇಮವನ್ನೂ ತಿಳಿಸುವುದು ಎಷ್ಟೇ ಬಳಲಿದ್ದರೂ ತಪ್ಪಬಾರದ ಕೆಲಸ. ಕರೆ ಬಾರದೆ ಹೋದರೆ ಅತ್ತ ಕಡೆಯವರು ಅಪಾಯವಾಗಿದೆ ಎಂದೇ ತಿಳಿಯಬೇಕಾಗುತ್ತದೆ. ನಿದ್ರೆಗೆ ಕಣ್ಣುಪಟ್ಟಿ ಒಯ್ಯುವುದು ಒಳ್ಳೆಯದು. ಜಿಪಿಎಸ್ ಮತ್ತು ಉಪಗ್ರಹ ಫೋನಿನ ಬ್ಯಾಟರಿಗಳನ್ನು ಮಲಗುವ ಚೀಲದೊಳಗೆ ಇಟ್ಟುಕೊಂಡರೆ ಚಳಿಗೆ ಅವು ಬೇಗ ಸೊರಗುವುದಿಲ್ಲ. ಕಾಂತೀಯ ಧ್ರುವದ ಸಮೀಪದಲ್ಲಿ ದಿಕ್ಸೂಚಿಯನ್ನು ನಂಬಿ ಹೆಜ್ಜೆ ಇಡುವಂತಿಲ್ಲ ಎಂಬುದನ್ನು ನೆನಪಿಡಬೇಕು.

ಹುಡುಕಾಟವೆಂದರೆ ಅಗೆತವಲ್ಲ, ಬಹುಮಟ್ಟಿಗೆ ನಡಿಗೆ. ಗಿಡಗಂಟಿ ಮುಚ್ಚದ ಬರಿ ಬಂಡೆ ಮತ್ತು ವರ್ಷವರ್ಷವೂ ಅದನ್ನು ಸೀಳುವ ಹಿಮ ಇವೆರಡೇ ಉತ್ತರದ ಈ ನೆಲವನ್ನು ಪಳೆಯುಳಿಕೆಗೆ ಯೋಗ್ಯವಾಗಿಸಿವೆ. ಇಳಿಜಾರಿನಲ್ಲಿ ತಲೆ ತಗ್ಗಿಸಿ ನಿಧಾನವಾಗಿ ಸಾಗುತ್ತ, ಸುತ್ತಲಿನ ಕಲ್ಲಿಗಿಂತ ಬೇರೆ ಹೊಳಪು, ಬೇರೆ ಬಣ್ಣ, ಒಡೆದ ಅಂಚಿನಲ್ಲಿ ಜೇನುಗೂಡಿನಂಥ ಸಣ್ಣ ರಂಧ್ರಗಳು ಕಂಡರೆ ಅಲ್ಲಿ ನಿಲ್ಲಬೇಕು. ಒಂದು ತುಣುಕು ಸಿಕ್ಕೊಡನೆ ಎತ್ತಿ ಚೀಲಕ್ಕೆ ಹಾಕಿಕೊಳ್ಳುವುದು ತಪ್ಪು. ಜಾರಿ ಬಂದ ತುಣುಕುಗಳ ಜಾಡು ಹಿಡಿದು ಮೇಲಕ್ಕೆ ಹತ್ತುತ್ತಾ ಹೋದರೆ ಅದರಿಂದ ಮೇಲೆ ತುಣುಕುಗಳೇ ಕಾಣಿಸದ ಒಂದು ಗೆರೆ ಸಿಗುತ್ತದೆ. ಮೂಳೆಯ ಪದರ ಹೆಚ್ಚಾಗಿ ಆ ಗೆರೆಯ ಬಳಿಯೇ ಇರುತ್ತದೆ. ಮೊದಲು ಚಿತ್ರ ತೆಗೆದು, ಪೆನ್ಸಿಲ್‌ನಲ್ಲಿ ಸ್ಥಳ, ಪದರ, ದಿನಾಂಕ ಮತ್ತು ಆ ತುಣುಕಿಗೆ ಅಲ್ಲೇ ಕೊಟ್ಟ ಕ್ಷೇತ್ರಸಂಖ್ಯೆಯನ್ನು ಬರೆಯಬೇಕು. ಶಾಯಿ ತೇವಕ್ಕೆ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಪದರದ ವಿವರವಿಲ್ಲದ ಮೂಳೆ ಎಷ್ಟೇ ಸುಂದರವಾಗಿದ್ದರೂ ವಿಜ್ಞಾನಕ್ಕೆ ಅರ್ಧ ಸತ್ತಂತೆಯೇ.

ಮೂಳೆಯನ್ನು ಬಂಡೆಯಿಂದ ಬಿಡಿಸುವ ಕೆಲಸಕ್ಕೆ ಅಲ್ಲಿ ಕೈ ಹಾಕಬಾರದು. ಅದು ಪ್ರಯೋಗಾಲಯದಲ್ಲಿ ಸೂಜಿ ಹಿಡಿದು ತಿಂಗಳುಗಟ್ಟಲೆ ಮಾಡುವ ಕೆಲಸ. ಮೂಳೆಯ ಸುತ್ತ ಕಾಲುವೆ ತೋಡಿ, ಬಂಡೆಯ ಸಮೇತ ಅದು ಅಣಬೆಯಂತೆ ಒಂದು ಕಂಬದ ಮೇಲೆ ನಿಲ್ಲುವಂತೆ ಮಾಡಬೇಕು. ಅದರ ಮೇಲೆ ಒದ್ದೆ ಟಾಯ್ಲೆಟ್ ಕಾಗದವನ್ನು ಪದರಪದರವಾಗಿ ಒತ್ತಿ ಹಚ್ಚಬೇಕು, ಇಲ್ಲವಾದರೆ ಪ್ಲಾಸ್ಟರ್ ಮೂಳೆಗೇ ಅಂಟಿಕೊಳ್ಳುತ್ತದೆ. ಆಮೇಲೆ ಪ್ಲಾಸ್ಟರ್ ಗಂಜಿಯಲ್ಲಿ ಅದ್ದಿದ ಗೋಣಿಬಟ್ಟೆಯ ಪಟ್ಟಿಗಳನ್ನು ಅಡ್ಡಡ್ಡಲಾಗಿ ಸುತ್ತಬೇಕು. ತೊರೆಯ ನೀರಿನ ಚಳಿಗೆ ಪ್ಲಾಸ್ಟರ್ ಗಟ್ಟಿಯಾಗುವುದು ನಿಧಾನ, ಬೆರಳುಗಳು ಮರಗಟ್ಟುವುದು ಬೇಗ. ಆದ್ದರಿಂದ ಒಲೆಯ ಮೇಲೆ ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳುವುದಕ್ಕೆ ಇಂಧನ ವ್ಯಯಿಸಲು ಹಿಂಜರಿಯಬಾರದು. ಉಗುರಿನಿಂದ ತಟ್ಟಿದಾಗ ಮಂಕಾದ ಸದ್ದಿನ ಬದಲು ಟಣ್ ಎಂಬ ಸದ್ದು ಬಂದರೆ ಕವಚ ಗಟ್ಟಿಯಾಗಿದೆ ಎಂದರ್ಥ. ಆಗ ಕಂಬವನ್ನು ಕಡಿದು, ಇಬ್ಬರು ಮೂವರು ಸೇರಿ ಒಂದೇ ಎಳೆತದಲ್ಲಿ ಮಗುಚಿ, ಕೆಳಭಾಗಕ್ಕೂ ಕವಚ ಹಾಕಿ, ಹೊರಮೈ ಮೇಲೆ ಸಂಖ್ಯೆ ಬರೆಯಬೇಕು.

ಮಂಜು ಕವಿದು ಹೊರಗೆ ಹೋಗಲಾಗದ ದಿನಗಳು ಬಂದೇ ಬರುತ್ತವೆ. ಅವನ್ನು ಟಿಪ್ಪಣಿ ತಿದ್ದಲು, ಉಳಿ ಹರಿತಗೊಳಿಸಲು, ಕಾಲುಚೀಲ ಒಣಗಿಸಲು ಬಳಸಬೇಕು. ಅಡುಗೆ ಸರದಿ ಪ್ರಕಾರ ನಡೆಯಬೇಕು, ದಿನಕ್ಕೊಂದಾದರೂ ಬಿಸಿ ಊಟ ಒಟ್ಟಿಗೇ ಆಗಬೇಕು. ಆ ಹೊತ್ತಿನ ಮಾತುಕತೆಯಲ್ಲೇ ಯಾರಿಗೆ ಜ್ವರವಿದೆ, ಯಾರ ಮನಸ್ಸು ಕುಗ್ಗಿದೆ ಎಂಬುದು ತಿಳಿಯುತ್ತದೆ.

ವಿಮಾನ ಬರುವ ದಿನ ಹವಾಮಾನ ಕೈಕೊಟ್ಟರೆ ಬೇಕಾದೀತೆಂದು ಕೆಲವು ದಿನಗಳ ಹೆಚ್ಚುವರಿ ಆಹಾರ ಉಳಿಸಿಟ್ಟಿರಬೇಕು. ಕಸವನ್ನೆಲ್ಲ ಹಿಂದಕ್ಕೆ ಒಯ್ಯಬೇಕು. ಅರ್ಧ ಅಗೆದ ಮೂಳೆ ಉಳಿದಿದ್ದರೆ ಅದರ ಮೇಲೆ ಕಾಗದ ಮತ್ತು ಪ್ಲಾಸ್ಟಿಕ್ ಹಾಸಿ, ಚಳಿಗಾಲದ ಹಿಮ ಅದನ್ನು ಸೀಳದಂತೆ ದಪ್ಪಗೆ ಮಣ್ಣು ಮುಚ್ಚಿ, ಆ ಜಾಗದ ಚಿತ್ರ ತೆಗೆದು, ಅಕ್ಷಾಂಶ ರೇಖಾಂಶಗಳನ್ನು ಇಬ್ಬರ ಪುಸ್ತಕಗಳಲ್ಲಿ ಬೇರೆ ಬೇರೆಯಾಗಿ ಬರೆದುಕೊಂಡ ಮೇಲೆಯೇ ಡೇರೆಯ ಹಗ್ಗ ಬಿಚ್ಚಬೇಕು.